ಮೊದಲು ಹಿಡಿತ, ಆಮೇಲೆ ಟೂಲು

ಮನೆಯಲ್ಲೊಂದು ಲೇತ್ ಇಟ್ಟುಕೊಳ್ಳಬೇಕೆಂದು ಹೊರಟವರು ಬೆಲೆ ಕೇಳುತ್ತಾರೆ, ಮೋಟರ್ ಎಷ್ಟು ಎಚ್‌ಪಿ ಎಂದು ಕೇಳುತ್ತಾರೆ. ತೂಕ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಆನ್‌ಲೈನಿನಲ್ಲಿ ಸಿಗುವ ಚೀನಾದ ಮಿನಿ ಲೇತ್ 40 ಕಿಲೋ ಆಸುಪಾಸು ಇರುತ್ತದೆ. ಇಬ್ಬರು ಎತ್ತಿ ಮೇಜಿನ ಮೇಲಿಡಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹವ್ಯಾಸಿಗಳು ಮುಗಿಬಿದ್ದು ಕೊಂಡ ಮೈಫೋರ್ಡ್ ಎಂಎಲ್ 7 ನೂರು ಕಿಲೋ ದಾಟುತ್ತದೆ. ನಮ್ಮ ಎಚ್‌ಎಂಟಿಯ ಕಾರ್ಖಾನೆ ಲೇತ್‌ಗಳು ಒಂದು ಟನ್ ಮೀರಿದವು. ಮೂರರಲ್ಲೂ ಕಬ್ಬಿಣ ಕಡೆಯಬಹುದು. ಆದರೆ ಮೊದಲನೆಯದು ಸದಾ ಕೈ ಹಿಡಿದು ನಡೆಸಬೇಕಾದ ಯಂತ್ರ, ಕೊನೆಯದು ಹೊಸಬನ ಎಷ್ಟೋ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಯಂತ್ರ.

ಕಾರಣ ಸರಳ. ತಿರುಗುವ ಸರಳಿಗೆ ಟೂಲ್ ತಗುಲಿದಾಗ ಸರಳು ಅದನ್ನು ಕೆಳಕ್ಕೆ ಒತ್ತುತ್ತದೆ, ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಟೂಲ್ ಪೋಸ್ಟ್, ಕ್ರಾಸ್ ಸ್ಲೈಡ್, ಸ್ಯಾಡಲ್, ಬೆಡ್, ಸ್ಪಿಂಡಲ್, ಚಕ್, ಕೊನೆಗೆ ಆ ಸರಳೂ ಸೇರಿ ಎಲ್ಲವೂ ತುಸುತುಸು ಬಾಗುತ್ತವೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಲೇತ್ ಕೆಲಸ ನಡೆಯುವುದೇ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಬಾಗಿದ್ದು ಮತ್ತೆ ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ. ಈ ಓಲಾಟ ಒಂದು ಲಯ ಹಿಡಿದುಬಿಟ್ಟರೆ ಕೀರಲು ಸದ್ದು ಏಳುತ್ತದೆ, ಕಡೆಯುತ್ತಿರುವ ತುಂಡಿನ (ಜಾಬ್‌ನ) ಮೇಲೆ ಅಲೆಅಲೆಯಾಗಿ ಗೀರು ಬೀಳುತ್ತದೆ. ವರ್ಕ್‌ಶಾಪಿನವರು ಅದಕ್ಕೆ ಚಾಟರ್ ಎನ್ನುತ್ತಾರೆ. ಫಿನಿಶ್ ಬರುತ್ತಿಲ್ಲ, ಒಂದು ತುದಿ ದಪ್ಪ ಒಂದು ತುದಿ ಸಣ್ಣ ಬರುತ್ತಿದೆ, ಪಾರ್ಟಿಂಗ್ ಟೂಲ್ ಮುರಿಯಿತು ಎಂದು ಹೊಸದಾಗಿ ಕಲಿಯುವವರು ಹೇಳಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಹುಡುಕಿದರೆ, ಎಲ್ಲೋ ಏನೋ ಸಡಿಲವಾಗಿದೆ ಅಥವಾ ಬೇಕಾದ್ದಕ್ಕಿಂತ ಹೆಚ್ಚು ಹೊರಚಾಚಿದೆ. ಆದ್ದರಿಂದ ಕತ್ತರಿಸುವುದಕ್ಕಿಂತ ಮೊದಲು ಹಿಡಿಯುವುದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಸ್ತುವನ್ನು ತಿರುಗಿಸಿ ಕಡೆಯುವ ವಿದ್ಯೆ ಕನ್ನಡನಾಡಿಗೆ ಹೊಸದೇನಲ್ಲ. ಹೊಯ್ಸಳ ದೇವಾಲಯಗಳ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿಯೇ ಕಡೆದಿದ್ದಾರೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಹಳೇಬೀಡಿನ ಕಂಬದ ಉಂಗುರಗಳ ಮೇಲೆ ಬೆರಳಾಡಿಸಿದವರಿಗೆ ಆ ಮಾತು ಒಪ್ಪಿಗೆಯಾಗುತ್ತದೆ. ಚನ್ನಪಟ್ಟಣದಲ್ಲಿ ಇವತ್ತಿಗೂ ಕುಶಲಕರ್ಮಿಗಳು ಉಳಿಯನ್ನು ಕೈಯಲ್ಲೇ ಹಿಡಿದು ಆಲೆಮರವನ್ನು ಕಡೆದು, ತಿರುಗುತ್ತಿರುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುತ್ತಾರೆ. ಉಕ್ಕಿಗೆ ಆ ಕೈಹಿಡಿತ ಸಾಲದು. ಲಂಡನ್ನಿನ ಹೆನ್ರಿ ಮಾಡ್ಸ್ಲಿ 1800ರ ಸುಮಾರಿಗೆ ಮಾಡಿದ್ದು ಇದಕ್ಕೆ ಪರಿಹಾರ. ಟೂಲನ್ನು ಕೈಯಿಂದ ಬಿಡಿಸಿ ಜಾರುವ ಸ್ಲೈಡಿನ ಮೇಲೆ ಬಿಗಿದರು, ಆ ಸ್ಲೈಡನ್ನು ಉದ್ದನೆಯ ಲೀಡ್ ಸ್ಕ್ರೂನಿಂದ ಎಳೆಸಿದರು, ಸ್ಕ್ರೂಗೂ ಸ್ಪಿಂಡಲ್ಲಿಗೂ ನಡುವೆ ಬದಲಾಯಿಸಬಹುದಾದ ಗಿಯರ್ ಹಾಕಿದರು. ಇವುಗಳನ್ನು ಬಿಡಿಬಿಡಿಯಾಗಿ ಬೇರೆಯವರೂ ಮಾಡಿದ್ದರು. ಎಲ್ಲವನ್ನೂ ಕಬ್ಬಿಣದ ಒಂದೇ ಗಟ್ಟಿ ಯಂತ್ರದಲ್ಲಿ ಕೂಡಿಸಿದ್ದು ಅವರ ಹೆಚ್ಚುಗಾರಿಕೆ. ಇವತ್ತು ಮನೆಗೆ ಬರುವ ಲೇತ್‌ನ ಒಡಲು ಅದೇ.

ಕೊಳ್ಳುವ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿರುವವರಿಗೆ ಒಂದು ಅನುಕೂಲವಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಹುಟ್ಟಿತು. ಇವುಗಳ ಲೇತ್‌ಗಳು ಪೀಣ್ಯ, ರಾಜಾಜಿನಗರದಿಂದ ಹಿಡಿದು ಹುಬ್ಬಳ್ಳಿ, ಬೆಳಗಾವಿಯವರೆಗೆ ಶೆಡ್ಡುಗಳಲ್ಲಿ ದುಡಿದಿವೆ. ಈಗ ಕೆಲಸವೆಲ್ಲ ಸಿಎನ್‌ಸಿಗೆ ಹೋದಂತೆ ಹಳೆಯವು ಮಾರಾಟಕ್ಕೆ ಬರುತ್ತವೆ, ಕೆಲವು ಗುಜರಿಗೂ ಸೇರುತ್ತವೆ. ಟನ್‌ಗಟ್ಟಲೆ ಯಂತ್ರ ಇಡಲು ಜಾಗವಿಲ್ಲದವರಿಗೆ ಪಂಜಾಬಿನ ಬಟಾಲ, ಗುಜರಾತಿನ ರಾಜಕೋಟ್ ಕಡೆಯ ನಾಲ್ಕೂವರೆ ಅಡಿ ಬೆಡ್ಡಿನ ಲೇತ್ ಒಂದು ನಡುದಾರಿ.

ಹಳೆಯ ಯಂತ್ರ ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬಾರದು. ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಸ್ಯಾಡಲನ್ನು ಚಕ್ ಹತ್ತಿರ ತಂದು, ಅಲ್ಲಿ ಅದು ಅಲುಗದಂತೆ ಅದರ ಬಿಗಿತ ಸರಿಮಾಡಿ, ನಿಧಾನವಾಗಿ ಎದುರು ತುದಿಯ ಟೈಲ್ ಸ್ಟಾಕ್ ಕಡೆಗೆ ತಿರುಗಿಸಿಕೊಂಡು ಹೋಗಿ. ಹೋಗುತ್ತಾ ಹೋಗುತ್ತಾ ಕಚ್ಚಿಕೊಂಡರೆ ಬೆಡ್ ಚಕ್ ಬಳಿ ಸವೆದಿದೆ ಎಂದರ್ಥ, ಏಕೆಂದರೆ ವರ್ಷಗಟ್ಟಲೆ ಕೆಲಸ ನಡೆದದ್ದೆಲ್ಲ ಅಲ್ಲೇ. ಚಕ್‌ಗೆ ದಪ್ಪ ಸರಳು ಕಚ್ಚಿಸಿ, ಡಯಲ್ ಗೇಜ್ ಇಟ್ಟು, ಸರಳನ್ನು ಎತ್ತಿ ನೋಡಿದರೆ ಸ್ಪಿಂಡಲ್ ಬೇರಿಂಗಿನ ಸ್ಥಿತಿ ತಿಳಿಯುತ್ತದೆ. ಹಿಡಿಕೆ ತಿರುಗಿಸಿದಾಗ ಕಾಣುವ ಪ್ಲೇ ಅಷ್ಟೇನೂ ದೊಡ್ಡ ದೋಷವಲ್ಲ, ಅದರೊಂದಿಗೆ ಬದುಕಬಹುದು. ಆದರೆ ಬದಲಿ ಗಿಯರ್‌ಗಳ ಸೆಟ್ ಪೂರ್ತಿ ಇಲ್ಲದಿದ್ದರೆ ಬೆಲೆ ಇಳಿಸಲೇಬೇಕು. ಆಮೇಲೆ ಒಂದೊಂದೇ ಹುಡುಕುವುದು ಬಹಳ ತಾಪತ್ರಯ. ಮೋಟರ್ ಮೂರು ಫೇಸಿನದಾದರೆ ಗಾಬರಿ ಬೇಡ. ಡೆಲ್ಟಾ ಜೋಡಣೆಯಲ್ಲಿ 230 ವೋಲ್ಟಿಗೆ ಒಗ್ಗುವ ಮೋಟರ್ ಆಗಿದ್ದರೆ ಮನೆಯ ಸಿಂಗಲ್ ಫೇಸನ್ನೇ ಮೂರು ಫೇಸಾಗಿಸುವ ವಿಎಫ್‌ಡಿ ಹಾಕಿ ಓಡಿಸಬಹುದು. ಇದನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಯಂತ್ರ ಮನೆಗೆ ಬಂತು. ಅದನ್ನು ನೆಲಕ್ಕೆ ಕೂರಿಸುವುದರಲ್ಲೇ ಅರ್ಧ ಪಾಠವಿದೆ. ಸಮನಿಲ್ಲದ ನೆಲದಲ್ಲಿ ಮಂಚದ ಚೌಕಟ್ಟು ತಿರುಚಿಕೊಳ್ಳುವಂತೆ ಬೀಡುಕಬ್ಬಿಣದ ಬೆಡ್ ಕೂಡ ತಿರುಚಿಕೊಳ್ಳುತ್ತದೆ. ಹೀಗೆ ತಿರುಚಿದ ಲೇತ್ ನೆಟ್ಟನೆ ಸಿಲಿಂಡರ್ ಕಡೆಯುವುದಿಲ್ಲ. ಪರೀಕ್ಷೆ ಸುಲಭ. 30 ಮಿ.ಮೀ. ದಪ್ಪದ ಸರಳನ್ನು ಚಕ್‌ಗೆ ಕಚ್ಚಿಸಿ, 150 ಮಿ.ಮೀ. ಹೊರಗೆ ಬಿಡಿ; ಟೈಲ್ ಸ್ಟಾಕ್ ಆಸರೆ ಬೇಡ. ನಡುಭಾಗವನ್ನು ಸ್ವಲ್ಪ ತಗ್ಗಿಸಿ ಎರಡೂ ತುದಿಗಳಲ್ಲಿ ಒಂದೊಂದು ಪಟ್ಟಿ ಉಳಿಸಿಕೊಳ್ಳಿ. ಹರಿತವಾದ ಟೂಲಿನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಪಟ್ಟಿಗಳ ಮೇಲೆ ತೆಳ್ಳನೆಯ ಒಂದೇ ಕಟ್ ಎಳೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ದೂರದ ಪಟ್ಟಿ ದಪ್ಪ ಬಂದರೆ ಟೈಲ್ ಸ್ಟಾಕ್ ತುದಿಯಲ್ಲಿ ನಿಮ್ಮ ಕಡೆಗಿರುವ ಕಾಲಿನಡಿ ತೆಳು ತಗಡು ಕೊಟ್ಟು ಎತ್ತಿ, ಸಣ್ಣ ಬಂದರೆ ಇಳಿಸಿ. ಮತ್ತೆ ಕಟ್, ಮತ್ತೆ ಅಳತೆ. ಬೆಡ್ಡೇ ಸವೆದಿದ್ದರೆ ಈ ಉಪಾಯ ಪೂರ್ತಿ ಫಲಿಸದು, ಆದರೂ ಎಷ್ಟೋ ಸುಧಾರಿಸುತ್ತದೆ. ಒಂದು ತಗಡಿನ ಚೂರು ಟನ್ ತೂಕದ ಯಂತ್ರವನ್ನು ಬಾಗಿಸುವುದನ್ನು ಮೈಕ್ರೋಮೀಟರಿನಲ್ಲಿ ಕಂಡವರಿಗೆ ಕಬ್ಬಿಣ ಗಟ್ಟಿ ಎಂಬ ಭ್ರಮೆ ಕಳೆಯುತ್ತದೆ.

ಸ್ವಿಚ್ ಒತ್ತುವ ಮುಂಚೆ ಮೈಮೇಲೆ ಏನೇನಿದೆ ನೋಡಿಕೊಳ್ಳಿ. ಕೈಗೆ ಕಟ್ಟಿದ ದೇವರ ದಾರ, ಉಂಗುರ, ಕಡಗ, ಕೊರಳ ಸರ, ದುಪಟ್ಟಾ, ಲುಂಗಿ, ಬಿಚ್ಚಿದ ತೋಳು, ಬಿಟ್ಟ ಕೂದಲು ಯಾವುದೂ ಲೇತ್ ಮುಂದೆ ಸಲ್ಲದು. ಕೈಗವಸು ಹಾಕಲೇಬಾರದು. ಬೇರೆ ಕಡೆ ಕೈ ಕಾಯುವ ಕೈಗವಸು ಇಲ್ಲಿ ತಿರುಗುವ ಸರಳಿಗೆ ಸಿಕ್ಕಿ ಕೈಯನ್ನೇ ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಚಕ್ ಕೀ ಚಕ್‌ನಲ್ಲಿದ್ದಷ್ಟು ಹೊತ್ತೂ ಕೈ ಅದರ ಮೇಲಿರಬೇಕು. ಕೈ ತೆಗೆಯುವುದಾದರೆ ಕೀ ಕೂಡ ಕೈಯೊಂದಿಗೇ ಬರಬೇಕು. ಅಲ್ಲೇ ಮರೆತು ಮೋಟರ್ ಹಾಕಿದರೆ ಅದು ಗುಂಡಿನಂತೆ ಹಾರುತ್ತದೆ. ಸುರುಳಿ ಸುರುಳಿಯಾಗಿ ಬರುವ ಉಕ್ಕಿನ ಸಿಪ್ಪೆಯನ್ನು ಕೈಯಿಂದ ಎಳೆಯಬಾರದು, ಕಂಬಿಯ ಕೊಕ್ಕೆ ಮಾಡಿಟ್ಟುಕೊಳ್ಳಿ. ಸ್ಪಿಂಡಲ್ಲಿನ ಹಿಂಬದಿಯಿಂದ ಉದ್ದ ಸರಳು ಹೊರಚಾಚಿದ್ದರೆ ವೇಗ ಏರಿದಾಗ ಅದು ಬಾಗಿ ಚಾಟಿಯಂತೆ ಬೀಸುತ್ತದೆ, ಹತ್ತಿರ ನಿಂತವರಿಗೆ ಅಪಾಯ. ಒಬ್ಬರೇ ಇರುವಾಗ, ನಿದ್ದೆ ತೂಗುವಾಗ ಈ ಯಂತ್ರದ ಬಳಿ ಹೋಗಬೇಡಿ.

ಇನ್ನು ಹಿಡಿತ. ಮೂರು ದವಡೆಯ ಚಕ್ ತಾನಾಗಿ ನಡುವಿಗೆ ತಂದುಕೊಳ್ಳುತ್ತದೆ, ಆದರೆ ಸರಿಸುಮಾರಾಗಿ ಮಾತ್ರ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸರಳು ಓಲಾಡುವುದು ಸಾಮಾನ್ಯ. ಹಾಗಾಗಿ ಒಂದಕ್ಕೊಂದು ಹೊಂದಬೇಕಾದ ಹೊರಮೈ, ರಂಧ್ರ, ಮುಖ ಎಲ್ಲವನ್ನೂ ಜಾಬ್ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸುವುದು ಟರ್ನರ್‌ಗಳ ಹಳೆಯ ಜಾಣತನ. ಬಿಚ್ಚಲೇಬೇಕಾದರೆ ನಾಲ್ಕು ದವಡೆಯ ಚಕ್ ಹಾಕಬೇಕು. ಅದರ ದವಡೆಗಳು ಬೇರೆಬೇರೆಯಾಗಿ ಚಲಿಸುವುದರಿಂದ ಹೊಸಬರು ಹೆದರುತ್ತಾರೆ. ಹೆದರಬೇಕಾದ್ದೇನಿಲ್ಲ: ಡಯಲ್ ಗೇಜ್ ತಾಗಿಸಿ, ಎದುರುಬದುರಿನ ಒಂದು ಜೋಡಿ ದವಡೆಗಳ ಬಳಿ ಓದಿಕೊಳ್ಳಿ, ವ್ಯತ್ಯಾಸದ ಅರ್ಧದಷ್ಟು ಒಂದನ್ನು ಸಡಿಲಿಸಿ ಎದುರಿನದನ್ನು ಬಿಗಿಯಿರಿ, ಆಮೇಲೆ ಇನ್ನೊಂದು ಜೋಡಿ. ಒಂದೆರಡು ವಾರ ರೂಢಿಯಾದರೆ ನೂರನೇ ಒಂದು ಭಾಗಕ್ಕೆ ತರುವುದು ಕಷ್ಟವಲ್ಲ.

ಸರಳು ಎಷ್ಟು ಹೊರಚಾಚಬೇಕು? ದಪ್ಪದ ಮೂರು ಪಟ್ಟು, ಹೆಚ್ಚೆಂದರೆ ನಾಲ್ಕು (ಮೇಲೆ ಹೇಳಿದ ಪರೀಕ್ಷೆಯ ತೆಳು ಕಟ್ ಇದಕ್ಕೆ ಹೊರತು). ಅದಕ್ಕಿಂತ ಉದ್ದವಾದರೆ ತುದಿಗೆ ಸೆಂಟರ್ ಡ್ರಿಲ್ ಹಾಕಿ ಟೈಲ್ ಸ್ಟಾಕ್ ಆಸರೆ ಕೊಡಬೇಕು. ಇದರ ಹಿಂದಿನ ಲೆಕ್ಕ ನೆನಪಿಟ್ಟುಕೊಳ್ಳುವಂಥದ್ದು. ಹೊರಚಾಚಿದ ಉದ್ದ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ಬಾಗುವುದು ಎಂಟು ಪಟ್ಟು. ದಪ್ಪ ಅರ್ಧವಾದರೆ ಬಾಗುವುದು ಹದಿನಾರು ಪಟ್ಟು. ಟೂಲಿಗೂ ಬೋರಿಂಗ್ ಬಾರಿಗೂ ಇದೇ ನಿಯಮ. ಪೀಣ್ಯದ ಶೆಡ್ಡೊಂದರಲ್ಲಿ ಬಹುಕಾಲ ದುಡಿದ ಟರ್ನರ್ ಒಬ್ಬರು ಯಾರ ಲೇತ್ ನೋಡಿದರೂ ಮೊದಲು ಹೇಳುವ ಮಾತು ಒಂದೇ: “ಸಾರ್, ಟೂಲ್ ಇನ್ನೂ ಒಳಗೆ ಎಳ್ಕೊಳ್ಳಿ.” ಗಣಿತ ಬರೆಯದೆ ಅವರು ಹೇಳುತ್ತಿರುವುದು ಆ ಎಂಟು ಪಟ್ಟಿನ ಲೆಕ್ಕವನ್ನೇ.

ಟೂಲಿನ ಮೂತಿ ಜಾಬ್‌ನ ನಡುಗೆರೆಯ ಎತ್ತರಕ್ಕೇ ಇರಬೇಕು. ಟೂಲ್ ಮೂತಿಗೂ ದುಂಡು ಸರಳಿಗೂ ನಡುವೆ ತೆಳು ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ ನೋಡಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಅದರ ತಲೆ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಎತ್ತರಿಸಲು ಅಡಿಯಲ್ಲಿ ಮುರಿದ ಹ್ಯಾಕ್ಸಾ ಬ್ಲೇಡಿನ ಚೂರು ಇಡುವುದು ನಮ್ಮ ವರ್ಕ್‌ಶಾಪುಗಳ ಪದ್ಧತಿ. ಬ್ಲೇಡಿನ ಹಲ್ಲು ಉಜ್ಜಿ ತೆಗೆದಿಡಿ, ಇಲ್ಲದಿದ್ದರೆ ಪ್ಯಾಕಿಂಗ್ ಸಮನಾಗಿ ಕೂರದು. ಫೇಸಿಂಗ್ ಮಾಡಿದ ಮೇಲೆ, ಅಂದರೆ ಸರಳಿನ ತುದಿಯ ಮುಖವನ್ನು ಸಮ ಕಡೆದ ಮೇಲೆ, ನಟ್ಟನಡುವೆ ಸಣ್ಣ ಮೊಳಕೆ ಉಳಿದಿದ್ದರೆ ಎತ್ತರ ಇನ್ನೂ ಸರಿಯಿಲ್ಲ.

ಯಾವ ಟೂಲ್? ಕಾರ್ಬೈಡ್ ಇನ್ಸರ್ಟ್ ಈಗ ಎಲ್ಲೆಡೆ ಸಿಗುತ್ತದೆ, ಗ್ರೈಂಡ್ ಮಾಡುವ ಗೋಜಿಲ್ಲ. ಆದರೆ ಅದರಲ್ಲಿ ಬಹುಪಾಲು ಭಾರಿ ಯಂತ್ರದ ಹೆಚ್ಚಿನ ವೇಗ, ಆಳದ ಕಟ್ ನೆನೆದು ಮಾಡಿದ್ದು. ಹಗುರ ಲೇತ್‌ನಲ್ಲಿ ಅದು ಕತ್ತರಿಸುವ ಬದಲು ಉಜ್ಜುತ್ತದೆ. ಕಲಿಯುವವರು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನಿಂದಲೇ ಶುರುಮಾಡಲಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಮುಂಭಾಗಕ್ಕೂ ಪಕ್ಕಕ್ಕೂ ಎಂಟರಿಂದ ಹತ್ತು ಡಿಗ್ರಿ ಇಳಿಜಾರು ಕೊಟ್ಟರೆ ಟೂಲಿನ ಮೈ ಜಾಬ್‌ಗೆ ಉಜ್ಜುವುದಿಲ್ಲ. ಸಿಪ್ಪೆ ಜಾರಿಹೋಗುವ ಮೇಲ್ಮೈಗೆ ಎಂಎಸ್ (ಮೈಲ್ಡ್ ಸ್ಟೀಲ್) ಕಡೆಯಲು ಹತ್ತು ಹನ್ನೆರಡು ಡಿಗ್ರಿ ಇಳಿಜಾರು ಸಾಕು, ಅಲ್ಯೂಮಿನಿಯಂಗೆ ಇನ್ನಷ್ಟು ಬೇಕು. ಹಿತ್ತಾಳೆಗೆ ಮಾತ್ರ ಮೇಲ್ಮೈ ಸಪಾಟಾಗಿರಲಿ. ಇಳಿಜಾರು ಕೊಟ್ಟರೆ ಟೂಲ್ ತಾನೇ ಒಳನುಗ್ಗಿ ಕಚ್ಚಿಬಿಡುತ್ತದೆ. ಒಮ್ಮೆ ಕೈಯಾರೆ ಮಸೆದ ಟೂಲ್ ಎಂಎಸ್ ಮೇಲೆ ಸದ್ದಿಲ್ಲದೆ ಸಿಪ್ಪೆ ಎಬ್ಬಿಸುವುದನ್ನು ನೋಡಿದರೆ, ಟೂಲ್ ಎಂದರೇನೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ.

ವೇಗದ ಲೆಕ್ಕ ಒಂದೇ ಸಾಲಿನದು. ಎಚ್‌ಎಸ್‌ಎಸ್ ಟೂಲಿನಲ್ಲಿ ಎಂಎಸ್ ಕಡೆಯುವಾಗ ಸರಳಿನ ಮೈ ನಿಮಿಷಕ್ಕೆ ಸುಮಾರು 25 ಮೀಟರ್ ಸರಿಯಬೇಕು. 25 ಮಿ.ಮೀ. ದಪ್ಪದ ಸರಳಿಗೆ ಅದು ನಿಮಿಷಕ್ಕೆ 320 ಸುತ್ತು, 50 ಮಿ.ಮೀ. ಆದರೆ 160, 12 ಮಿ.ಮೀ. ಆದರೆ 660. ಅಲ್ಯೂಮಿನಿಯಂ, ಹಿತ್ತಾಳೆಗೆ ದುಪ್ಪಟ್ಟು ಕೊಟ್ಟರೂ ನಡೆಯುತ್ತದೆ. ಚಾಟರ್ ಶುರುವಾದರೆ ಹೊಸಬರು ಹೆದರಿ ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ಕಡಿಮೆ ಮಾಡುತ್ತಾರೆ, ಅದರಿಂದ ಸದ್ದು ಇನ್ನೂ ಹೆಚ್ಚುತ್ತದೆ. ಸುತ್ತು ಇಳಿಸಿ, ಫೀಡ್ ತುಸು ಹೆಚ್ಚಿಸಿ ನೋಡಿ.

ಅಳತೆ ಹಿಡಿಯುವುದರಲ್ಲಿ ಕಲಿಯಬೇಕಾದ್ದು ಬಹಳ. ಕ್ರಾಸ್ ಸ್ಲೈಡಿನ ಡಯಲ್ ಕೆಲವು ಯಂತ್ರಗಳಲ್ಲಿ ಟೂಲ್ ಸರಿದ ದೂರ ತೋರಿಸುತ್ತದೆ, ಕೆಲವದರಲ್ಲಿ ವ್ಯಾಸ ಇಳಿದದ್ದನ್ನು. ಮೊದಲನೆಯದಾದರೆ 0.1 ಮಿ.ಮೀ. ಕೊಟ್ಟರೆ ವ್ಯಾಸದಲ್ಲಿ 0.2 ಹೋಗುತ್ತದೆ. ನಿಮ್ಮದು ಯಾವುದೆಂದು ಒಂದು ಕಟ್ ಎಳೆದು ಅಳೆದೇ ತಿಳಿದುಕೊಳ್ಳಿ. ಸ್ಕ್ರೂ ಮತ್ತು ನಟ್ ನಡುವೆ ಪ್ಲೇ ಇರುವುದರಿಂದ ಬೇಕಾದ ಗೆರೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು. ಗೆರೆ ದಾಟಿದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಟ್ಟಿದೆ. 20 ಮಿ.ಮೀ. ಬೇಕಾಗಿದೆ, ಈಗ 20.6 ಇದೆ ಅನ್ನಿ. ಒಂದೇ ಸಲ 0.55 ತೆಗೆದು ಉಳಿದ 0.05ನ್ನು ತೆಳುವಾಗಿ ಸವರುವ ಮನಸ್ಸಾಗುತ್ತದೆ. ಆಗ ಲೆಕ್ಕ ತಪ್ಪುತ್ತದೆ, ಏಕೆಂದರೆ ದೊಡ್ಡ ಕಟ್‌ನಲ್ಲಿ ಯಂತ್ರ ಹೆಚ್ಚು ಬಾಗುತ್ತದೆ, ತೆಳು ಕಟ್‌ನಲ್ಲಿ ಕಡಿಮೆ. ಅದರ ಬದಲು 0.3ರ ಎರಡು ಸಮ ಕಟ್ ಮಾಡಿಕೊಳ್ಳಿ. ಮೊದಲನೆಯದರ ನಂತರ ಅಳೆದಾಗ 20.3ರ ಬದಲು 20.32 ಬಂದರೆ ಆ 0.02 ಯಂತ್ರ ಬಾಗಿದ್ದರ ಲೆಕ್ಕ. ಎರಡನೇ ಕಟ್‌ಗೆ ಡಯಲ್‌ನಲ್ಲಿ 0.32 ಕೊಟ್ಟರೆ ಬಹುಮಟ್ಟಿಗೆ ಗುರಿ ಮುಟ್ಟುತ್ತದೆ. ಯಂತ್ರ ಬಾಗುವುದನ್ನು ತಪ್ಪಿಸಲಾಗದಿದ್ದಾಗ ಪ್ರತಿ ಸಲವೂ ಅಷ್ಟೇ ಬಾಗುವಂತೆ ನೋಡಿಕೊಳ್ಳುವುದು ಇಲ್ಲಿನ ಉಪಾಯ. ಜಾಬ್ ಬಿಸಿಯಿದ್ದಾಗ ಅಂತಿಮ ಅಳತೆ ತೆಗೆಯಬಾರದು. 50 ಮಿ.ಮೀ. ಉಕ್ಕಿನ ಸರಳು 40 ಡಿಗ್ರಿ ಬಿಸಿಯಾದರೆ 0.02 ಮಿ.ಮೀ.ಗಿಂತ ಹೆಚ್ಚು ಉಬ್ಬಿರುತ್ತದೆ.

ಪಾರ್ಟಿಂಗ್, ಅಂದರೆ ಮುಗಿದ ತುಂಡನ್ನು ಸರಳಿನಿಂದ ಕಡಿದು ಬೇರ್ಪಡಿಸುವುದು, ಎಲ್ಲರೂ ಹೆದರುವ ಕೆಲಸ. ಈವರೆಗೆ ಹೇಳಿದ್ದನ್ನೆಲ್ಲ ಪಾಲಿಸಿದ್ದರೆ ಹೆದರಬೇಕಿಲ್ಲ. ಚಕ್‌ಗೆ ಹತ್ತಿರ ಕಡಿಯಿರಿ, ಬ್ಲೇಡ್ ಕಡಿಮೆ ಚಾಚಿರಲಿ, ಸರಳಿಗೆ ಲಂಬವಾಗಿರಲಿ, ಸ್ಯಾಡಲ್ ಲಾಕ್ ಮಾಡಿ, ಸುತ್ತು ಅರ್ಧಕ್ಕೆ ಇಳಿಸಿ, ಎಣ್ಣೆ ಹಾಕುತ್ತಾ ಅಳುಕದೆ ಒಂದೇ ಸಮ ಒಳಗೆ ನಡೆಸಿ. ಟೈಲ್ ಸ್ಟಾಕ್ ಸೆಂಟರಿನ ಆಸರೆಯಲ್ಲಿರುವ ತುಂಡನ್ನು ಮಾತ್ರ ಕೊನೆಯವರೆಗೆ ಕಡಿಯಬೇಡಿ, ಸಿಕ್ಕಿಕೊಂಡು ಹಾರುತ್ತದೆ.

ಮೊದಲ ವಸ್ತುವಾಗಿ ಗಾರೆ ಮೇಸ್ತ್ರಿಗಳ ಹಿತ್ತಾಳೆಯ ತೂಗುಗುಂಡು ಮಾಡಿ ನೋಡಿ. ಫೇಸಿಂಗ್, ಟರ್ನಿಂಗ್, ಟೇಪರ್, ಡ್ರಿಲ್ಲಿಂಗ್, ನರ್ಲಿಂಗ್ ಎಲ್ಲವೂ ಅಂಗೈಯಗಲದ ಆ ತುಂಡಿನಲ್ಲಿ ಬಂದುಹೋಗುತ್ತವೆ, ಮಾಡಿದ್ದು ಕೆಲಸಕ್ಕೂ ಬರುತ್ತದೆ.

ಅದಾದ ಮೇಲೆ ಥ್ರೆಡ್. ಮನೆಯ ಅರ್ಧ ಇಂಚಿನ ನಲ್ಲಿಯ ಥ್ರೆಡ್ಡನ್ನು ವರ್ನಿಯರ್‌ನಲ್ಲಿ ಅಳೆದರೆ ಹೊರವ್ಯಾಸ 21 ಮಿ.ಮೀ. ಹತ್ತಿರ ಬರುತ್ತದೆ, ಅರ್ಧ ಇಂಚು ಎಂಬುದು ಪೈಪಿನ ಒಳರಂಧ್ರದ ಹಳೆಯ ಲೆಕ್ಕ. ಅದರ ಥ್ರೆಡ್ ಕೋನ 55 ಡಿಗ್ರಿ, ಇಂಚಿಗೆ 14 ಸುತ್ತು. ಆ ಕೋನ ಮಾಡ್ಸ್ಲಿಯವರ ಕೈಕೆಳಗೆ ದುಡಿದ ಜೋಸೆಫ್ ವಿಟ್ವರ್ತ್ 1841ರಲ್ಲಿ ಮುಂದಿಟ್ಟದ್ದು. ಲೀಡ್ ಸ್ಕ್ರೂ ಇಂಚಿಗೆ 4 ಸುತ್ತಿನದಾದರೆ 4ಕ್ಕೆ 14, ಅಂದರೆ 20 ಹಲ್ಲಿನ ಗಿಯರ್ 70 ಹಲ್ಲಿನದನ್ನು ತಿರುಗಿಸಿದರೆ ಈ ಥ್ರೆಡ್ ಬರುತ್ತದೆ. ಅದೇ ಯಂತ್ರದಲ್ಲಿ ಮೆಟ್ರಿಕ್ ಥ್ರೆಡ್ ಬೇಕಾದರೆ 127 ಹಲ್ಲಿನ ಗಿಯರ್ ಬೇಕು, 127 ಎಂದರೆ 25.4ರ ಐದು ಪಟ್ಟು. ಮೊದಲ ಸಲ ಬರೀ ಗೀಚುವಷ್ಟು ಕಟ್ ಕೊಟ್ಟು ಥ್ರೆಡ್ ಗೇಜ್ ಇಟ್ಟು ನೋಡಿ, ಗಿಯರ್ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಲಿಯುವ ಹಂತದಲ್ಲಿ ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ ಬಿಚ್ಚದೆ, ಟೂಲ್ ಹಿಂದೆ ತೆಗೆದು, ಮೋಟರನ್ನು ಉಲ್ಟಾ ತಿರುಗಿಸಿ ಶುರುವಿಗೆ ಬರುವುದು ಕ್ಷೇಮ. ಚಕ್ ಥ್ರೆಡ್ ಮೇಲೆ ಕೂತಿರುವ ಹಳೆಯ ಯಂತ್ರದಲ್ಲಿ ಉಲ್ಟಾ ಕೊಡುವಾಗ ತಾಳ್ಮೆಯಿರಲಿ, ಧಡಕ್ಕನೆ ಕೊಟ್ಟರೆ ಚಕ್ಕೇ ಬಿಚ್ಚಿಕೊಂಡೀತು. ಆಳ ಒಟ್ಟು 1.16 ಮಿ.ಮೀ.; ಅಂಗಡಿಯಿಂದ ತಂದ ಕಪ್ಲಿಂಗ್ ಅನ್ನೇ ಗೇಜ್ ಮಾಡಿಕೊಂಡು ಕೊನೆಯ ಕಟ್‌ಗಳನ್ನು ತೆಳುವಾಗಿ ಎಳೆಯಿರಿ.

ಐಟಿಐಯಲ್ಲಿ ಟರ್ನರ್ ಟ್ರೇಡ್ ಎರಡು ವರ್ಷದ್ದು. ಮನೆಯಲ್ಲಿ ಕಲಿಯುವವರಿಗೆ ಆ ಮೇಷ್ಟರಿಲ್ಲ, ವಿಡಿಯೊ ನೋಡಿ ಕಲಿಯುವುದು ಒಂದು ಹಂತದವರೆಗೆ ಸರಿ. ಆದರೆ ಬೆಂಗಳೂರು, ಹರಿಹರ, ದಾವಣಗೆರೆ, ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದ ಟರ್ನರ್‌ಗಳು ಇನ್ನೂ ಇದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಕಾರ್ಖಾನೆಗಳಲ್ಲಿ ಅವರ ಜಾಗಕ್ಕೆ ಪ್ರೋಗ್ರಾಂ ಬಂದಿದೆ. ಅವರ ಕೈಯಲ್ಲಿರುವುದನ್ನು ಯಾರೂ ಕೇಳಿ ಪಡೆಯುತ್ತಿಲ್ಲವೆಂಬುದು ನನಗೆ ನಿಜವಾದ ಸಂಕಟ. ನಿಮ್ಮ ಬಡಾವಣೆಯ ಲೇತ್ ವರ್ಕ್ಸ್‌ನಲ್ಲಿ ವಿಚಾರಿಸಿ, ಅಂಥವರ ಮನೆ ಗೊತ್ತುಮಾಡಿಕೊಳ್ಳಿ. ಹೋಗುವಾಗ ಹೊಸ ಎಚ್‌ಎಸ್‌ಎಸ್ ಬಿಟ್ ಒಂದು, ಎಂಎಸ್ ತುಂಡು ಒಂದು ಜೊತೆಗಿರಲಿ. ಗ್ರೈಂಡರ್ ಮುಂದೆ ಅವರು ಬಿಟ್ ಹಿಡಿಯುವಾಗ ಯಾವ ಬೆರಳು ಎಲ್ಲಿ ಊರುತ್ತದೆ, ಎಷ್ಟು ಹೊತ್ತಿಗೊಮ್ಮೆ ನೀರಿಗೆ ಅದ್ದುತ್ತಾರೆ, ಮಸೆದಾದ ಮೇಲೆ ಬೆಳಕಿಗೆ ಹಿಡಿದು ಏನು ನೋಡುತ್ತಾರೆ ಎಂಬುದನ್ನು ಗಮನಿಸಿ. ಮೊಬೈಲಿನಲ್ಲಿ ತೆಗೆದುಕೊಳ್ಳಲೇ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ.